ನೋವು ನಂಬಲರ್ಹ ಸಾಕ್ಷಿಯಲ್ಲ: ಹೊಟ್ಟೆಯ ತೊಂದರೆಗೆ ಯಾವ ಪರೀಕ್ಷೆ, ಯಾವಾಗ

ಹೊಟ್ಟೆ ಕೆಟ್ಟಾಗ ನಮ್ಮಲ್ಲಿ ಬಹುತೇಕರು ಅನುಸರಿಸುವ ನಿಯಮ ಒಂದೇ. ನೋವು ಸಹಿಸುವಷ್ಟಿದ್ದರೆ ಮೆಡಿಕಲ್ ಶಾಪಿನ ಗುಳಿಗೆ, ಸಹಿಸಲಾಗದಷ್ಟಿದ್ದರೆ ಆಸ್ಪತ್ರೆ. ಆಸ್ಪತ್ರೆಗೆ ಹೋದವರಲ್ಲೂ ಹೆಚ್ಚು ನೋವಿರುವವರು ದೊಡ್ಡ ಪರೀಕ್ಷೆ ಬೇಕೆಂದು ಒತ್ತಾಯಿಸುತ್ತಾರೆ. ನೋವಿಲ್ಲದವರು ವೈದ್ಯರು ಬರೆದುಕೊಟ್ಟ ಪರೀಕ್ಷೆಯನ್ನೂ ಮುಂದೂಡುತ್ತಾರೆ. ಮೇಲುನೋಟಕ್ಕೆ ಇದು ಸಹಜವಾದ ಲೆಕ್ಕಾಚಾರವೇ. ಕೈ ಮುರಿದರೆ, ಹಲ್ಲು ಕೊಳೆತರೆ ನೋವೇ ನಮ್ಮನ್ನು ವೈದ್ಯರ ಬಳಿಗೆ ಓಡಿಸುತ್ತದೆ ಮತ್ತು ಅಲ್ಲಿ ಅದು ತಪ್ಪುವುದು ಕಡಿಮೆ. ಆದರೆ ಜೀರ್ಣಾಂಗಗಳ ವಿಷಯದಲ್ಲಿ ಈ ಲೆಕ್ಕ ಪದೇ ಪದೇ ತಲೆಕೆಳಗಾಗುತ್ತದೆ. ವಾಯು ತುಂಬಿದ ಕರುಳು ಮನುಷ್ಯನನ್ನು ನೆಲದ ಮೇಲೆ ಹೊರಳಾಡಿಸಬಲ್ಲದು. ಕರುಳಿನಲ್ಲಿ ಬೆಳೆಯುತ್ತಿರುವ ಕ್ಯಾನ್ಸರ್ ಗಡ್ಡೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂಬುದನ್ನು ನೋವಿನ ತೀವ್ರತೆಯಿಂದ ತೀರ್ಮಾನಿಸಬಾರದು. ರೋಗಿಯ ವಯಸ್ಸು, ತೊಂದರೆಯ ಅವಧಿ ಮತ್ತು ನೋವಿನ ಜೊತೆಗಿರುವ ಬೇರೆ ಲಕ್ಷಣಗಳಿಂದ ತೀರ್ಮಾನಿಸಬೇಕು ಎಂಬುದು ಈ ಲೇಖನದ ವಾದ.

ಇದಕ್ಕೆ ಕಾರಣ ದೇಹದ ರಚನೆಯಲ್ಲೇ ಇದೆ. ಚರ್ಮವನ್ನು ಸೂಜಿ ಮುಟ್ಟಿದರೆ ಎಲ್ಲಿ, ಎಷ್ಟು ಎಂದು ಕಣ್ಣುಮುಚ್ಚಿಕೊಂಡೇ ಹೇಳಬಹುದು. ಜಠರ ಮತ್ತು ಕರುಳಿನ ಒಳಪೊರೆಗೆ ಆ ಶಕ್ತಿ ಇಲ್ಲ. ಅದನ್ನು ಕತ್ತರಿಸಿದರೂ ನೋವಾಗುವುದಿಲ್ಲ. ಎಂಡೋಸ್ಕೋಪಿ ಮಾಡುವಾಗ ಒಳಪೊರೆಯ ಚೂರನ್ನು ಚಿವುಟಿ ತೆಗೆದರೂ ರೋಗಿಗೆ ಗೊತ್ತಾಗದಿರುವುದು ಇದೇ ಕಾರಣಕ್ಕೆ. ಕರುಳಿನ ನರಗಳಿಗೆ ಅರಿವಾಗುವುದು ಮುಖ್ಯವಾಗಿ ಹಿಗ್ಗುವಿಕೆ, ಸೆಳೆತ, ರಕ್ತದ ಕೊರತೆ ಮತ್ತು ಉರಿಯೂತ. ಗಾಳಿಯಿಂದ ಹಿಗ್ಗಿದಾಗ ಅವು ಕೂಗಿಕೊಳ್ಳುತ್ತವೆ, ಒಳಪೊರೆಯಲ್ಲಿ ಮೆಲ್ಲಗೆ ಗಂಟು ಬೆಳೆಯುವಾಗ ಸುಮ್ಮನಿರುತ್ತವೆ. ಇನ್ನು ನೋವು ಬರುವ ಜಾಗವೂ ನಂಬುವಂಥದ್ದಲ್ಲ. ಬೇರೆ ಬೇರೆ ಅಂಗಗಳ ನರಗಳು ಬೆನ್ನುಹುರಿಯ ಒಂದೇ ಮಟ್ಟಕ್ಕೆ ಬಂದು ಸೇರುವುದರಿಂದ ಮಿದುಳು ಗೊಂದಲಕ್ಕೆ ಬೀಳುತ್ತದೆ. ಅಪೆಂಡಿಕ್ಸ್ ಇರುವುದು ಬಲಗಡೆಯ ಕೆಳಹೊಟ್ಟೆಯಲ್ಲಾದರೂ ಅದರ ನೋವು ಸಾಮಾನ್ಯವಾಗಿ ಹೊಕ್ಕುಳಿನ ಸುತ್ತ ಶುರುವಾಗುತ್ತದೆ. ಉರಿಯೂತ ಹೊಟ್ಟೆಯ ಹೊರಪೊರೆಗೆ ತಾಗಿದ ಮೇಲಷ್ಟೇ ಬಲಕ್ಕೆ ಸರಿಯುತ್ತದೆ. ಪಿತ್ತಕೋಶದ ನೋವು ಬಲ ಹೆಗಲ ಮೂಳೆಯ ಹಿಂದೆ ಕಾಣಿಸಿಕೊಳ್ಳುತ್ತದೆ.

ಹೊಟ್ಟೆಯ ಮೇಲ್ಭಾಗದ ನೋವು ಒಮ್ಮೊಮ್ಮೆ ಹೊಟ್ಟೆಗೆ ಸೇರಿದ್ದೇ ಆಗಿರುವುದಿಲ್ಲ. ಹೃದಯದ ಕೆಳಗೋಡೆ ವಪೆಯ ಮೇಲೆಯೇ ಕೂತಿದೆ. ಅಲ್ಲಿಗೆ ರಕ್ತ ನಿಂತಾಗ ಎದೆಗುಂಡಿಗೆಯ ಕೆಳಗೆ ಒತ್ತಿದಂತೆ, ಉರಿದಂತೆ, ವಾಕರಿಕೆ ಬಂದಂತೆ ಆಗುವುದುಂಟು. ಇದನ್ನು ಗ್ಯಾಸ್ ಎಂದುಕೊಂಡು ಒಂದು ಲೋಟ ಸೋಡಾ ಕುಡಿದು ಮಲಗುವವರಿದ್ದಾರೆ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಬೀಡಿ ಸಿಗರೇಟು ಸೇದುವವರಲ್ಲಿ ಹಿಂದೆಂದೂ ಇಲ್ಲದ ಹೊಟ್ಟೆಯುರಿ ಬೆವರಿನ ಜೊತೆಗೆ ಬಂದರೆ, ನಡೆದಾಗ ಹೆಚ್ಚಾಗಿ ಕೂತಾಗ ಕಡಿಮೆಯಾದರೆ, ದವಡೆಗೋ ತೋಳಿಗೋ ಹರಡಿದರೆ ಮೊದಲು ಆಗಬೇಕಾದ ಪರೀಕ್ಷೆ ಇಸಿಜಿ. ಮಧುಮೇಹಿಗಳಲ್ಲಿ ಈ ನೋವು ಮಂದವಾಗಿಯೂ ಇರಬಹುದು ಎಂಬುದನ್ನು ಮರೆಯಬಾರದು. ಮೊದಲ ಇಸಿಜಿ ಸರಿಯಾಗಿದ್ದರೂ ಅನುಮಾನ ಉಳಿದರೆ ಸ್ವಲ್ಪ ಹೊತ್ತಿನ ನಂತರ ಮತ್ತೊಂದು ತೆಗೆಯುತ್ತಾರೆ, ಟ್ರೊಪೋನಿನ್ ಎಂಬ ರಕ್ತ ಪರೀಕ್ಷೆ ಮಾಡುತ್ತಾರೆ. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ತಜ್ಞರಿಗೆ ತೋರಿಸುವ ವ್ಯವಸ್ಥೆ ಮಾಡಿರುವುದರಿಂದ ದೂರದ ನೆಪ ಹೇಳುವಂತಿಲ್ಲ.

ನೋವನ್ನು ನಂಬಬಾರದು ಎಂದಾದರೆ ಏನನ್ನು ನಂಬಬೇಕು? ವೈದ್ಯರು ಅಪಾಯದ ಲಕ್ಷಣಗಳು ಎಂದು ಗುರುತಿಸುವ ಒಂದು ಗುಂಪಿದೆ, ಮತ್ತು ಅದರಲ್ಲಿ ನೋವಿನ ತೀವ್ರತೆ ಇಲ್ಲ ಎಂಬುದೇ ಗಮನಿಸಬೇಕಾದ ಸಂಗತಿ. ತುತ್ತು ಗಂಟಲಿನಿಂದ ಕೆಳಗೆ ಇಳಿಯದೆ ಎದೆಯಲ್ಲಿ ಸಿಕ್ಕಿಕೊಳ್ಳುವುದು, ಅದರಲ್ಲೂ ಮೊದಲು ಮುದ್ದೆ ಚಪಾತಿಗೆ ತೊಂದರೆಯಾಗಿ ಆಮೇಲೆ ಗಂಜಿಗೂ ಆಗುವುದು, ಪ್ರಯತ್ನಪಡದೆ ತೂಕ ಇಳಿಯುವುದು, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥ ಕರಿ ಚರಟ, ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ನಾತದ ಮಲ, ನಿಲ್ಲದ ವಾಂತಿ, ಕಾಮಾಲೆ, ಕೈಗೆ ಸಿಗುವ ಗಂಟು, ನಿದ್ದೆಯಿಂದ ಎಬ್ಬಿಸುವ ಭೇದಿ, ಬಿಟ್ಟು ಬಿಟ್ಟು ಬರುವ ಜ್ವರ, ಮನೆತನದಲ್ಲಿ ಜಠರದ ಅಥವಾ ಕರುಳಿನ ಕ್ಯಾನ್ಸರ್. ಕಬ್ಬಿಣದ ಗುಳಿಗೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅದು ಡಾಂಬರಿನಂತೆ ಜಿಗುಟಾಗಿರುವುದಿಲ್ಲ. ಈ ಪಟ್ಟಿಗೆ ಎಲ್ಲ ಆಸ್ಪತ್ರೆಗಳಲ್ಲೂ ಸಿಗುವ ಒಂದು ಅಗ್ಗದ ಪರೀಕ್ಷೆಯನ್ನು ಸೇರಿಸಬೇಕು: ಹಿಮೋಗ್ಲೋಬಿನ್. ಗಂಡಸರಲ್ಲಿ ಯಾವ ವಯಸ್ಸಿನಲ್ಲೇ ಆಗಲಿ, ಮುಟ್ಟು ನಿಂತ ಹೆಂಗಸರಲ್ಲಾಗಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ ರಕ್ತ ಎಲ್ಲಿಂದಲೋ ಸೋರುತ್ತಿದೆ ಎಂದೇ ಅರ್ಥಮಾಡಿಕೊಳ್ಳಬೇಕು, ಮತ್ತು ಆ ಎಲ್ಲಿಂದಲೋ ಎಂಬುದು ಬಹಳಷ್ಟು ಸಲ ಜಠರ ಅಥವಾ ದೊಡ್ಡ ಕರುಳು. ಅಂಥವರಿಗೆ ಹೊಟ್ಟೆ ನೋವೇ ಇಲ್ಲದಿದ್ದರೂ ಎರಡೂ ಕಡೆಯಿಂದ ದುರ್ಬೀನು ಹಾಕಿ ನೋಡಬೇಕೆಂದು ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ಟಾನಿಕ್ ಕುಡಿದು ಹಿಮೋಗ್ಲೋಬಿನ್ ಏರಿಸಿಕೊಂಡು ಸುಮ್ಮನಾಗುವುದು ಸೋರುವ ಕೊಡಕ್ಕೆ ನೀರು ಸುರಿದಂತೆ.

ಇದರ ಇನ್ನೊಂದು ಮುಖವೂ ಇದೆ. ಈ ಲಕ್ಷಣಗಳು ಯಾವುವೂ ಇಲ್ಲದ, ಮೂವತ್ತರ ಆಸುಪಾಸಿನ ವ್ಯಕ್ತಿಗೆ ಎದೆಯುರಿ, ಹುಳಿತೇಗು, ಊಟದ ನಂತರ ಹೊಟ್ಟೆ ಭಾರ ಎಂಬ ತೊಂದರೆ ಇದ್ದರೆ ತಕ್ಷಣ ಎಂಡೋಸ್ಕೋಪಿ ಬೇಕಿಲ್ಲ. ಅನ್ನನಾಳದ ಬುಡದಲ್ಲಿರುವ ಸ್ನಾಯುವಿನ ಬಿಗಿ ಸಡಿಲವಾಗಿ ಜಠರದ ಆಮ್ಲ ಮೇಲಕ್ಕೆ ನುಗ್ಗುವುದರಿಂದ ಎದೆಯುರಿ ಬರುತ್ತದೆ. ಸೊಂಟದ ಸುತ್ತಳತೆ ಇಳಿಸುವುದು, ರಾತ್ರಿಯೂಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ಗಂಟೆ ಬಿಡುವುದು, ಮಂಚದ ತಲೆಯ ಭಾಗವನ್ನು ಎತ್ತರಿಸುವುದು ಇದಕ್ಕೆ ಫಲ ಕೊಡುವ ಕ್ರಮಗಳು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರ‍್ಯಾಬೆಪ್ರಜೋಲ್ ಗುಂಪಿನ ಗುಳಿಗೆಯನ್ನು ವೈದ್ಯರ ಸಲಹೆಯಂತೆ ನಾಲ್ಕರಿಂದ ಎಂಟು ವಾರ ತೆಗೆದುಕೊಂಡು ನೋಡಬಹುದು. ಇದನ್ನು ಬೆಳಗಿನ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಉರಿ ಬಂದಾಗ, ಊಟವಾದ ಮೇಲೆ ನುಂಗಿ ಔಷಧಿ ಹಿಡಿಯಲಿಲ್ಲ ಎನ್ನುವವರೇ ಹೆಚ್ಚು. ಹಳೆಯ ರ‍್ಯಾನಿಟಿಡಿನ್ ಗುಳಿಗೆಯಲ್ಲಿ ಕ್ಯಾನ್ಸರ್‌ಕಾರಕವಾಗಬಹುದಾದ ಕಲ್ಮಶ ಪತ್ತೆಯಾಗಿ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಲು ಸೂಚಿಸಿತು. ಭಾರತವೂ 2022ರ ಅಗತ್ಯ ಔಷಧಗಳ ಪಟ್ಟಿಯಿಂದ ಅದನ್ನು ಕೈಬಿಟ್ಟಿತು.

ಗುಳಿಗೆಯಿಂದ ಆರಾಮವಾದರೆ ಸಾಲದೇ, ಪರೀಕ್ಷೆ ಯಾಕೆ ಎಂಬ ಪ್ರಶ್ನೆ ಸಹಜ. ಅಪಾಯದ ಲಕ್ಷಣ ಇಲ್ಲದವರಿಗೆ ಸಾಕು. ಇರುವವರಿಗೆ ಆ ಆರಾಮವೇ ಮೋಸ. ಆಮ್ಲ ಕಡಿಮೆಯಾದಾಗ ಸಾಮಾನ್ಯ ಹುಣ್ಣು ಮಾತ್ರವಲ್ಲ, ಕ್ಯಾನ್ಸರ್ ಇರುವ ಹುಣ್ಣಿನ ಮೇಲ್ಮೈ ಕೂಡ ಸ್ವಲ್ಪ ಕಾಲ ಮಾಗಿದಂತೆ ಕಾಣುವುದುಂಟು. ನೋವು ಹೋದದ್ದು ರೋಗ ಹೋದದ್ದಕ್ಕೆ ಪುರಾವೆಯಲ್ಲ. ಹಾಗೆಯೇ, ಗುಳಿಗೆ ನಿಲ್ಲಿಸಿದ ವಾರದಲ್ಲಿ ಉರಿ ಮರುಕಳಿಸಿತೆಂದರೆ ರೋಗ ಉಳಿದಿದೆ ಎಂದೂ ಅಲ್ಲ. ತಿಂಗಳುಗಟ್ಟಲೆ ತಡೆಹಿಡಿದ ಆಮ್ಲ ಒಮ್ಮೆಗೇ ಪುಟಿದೇಳುತ್ತದೆ. ಇದು ಗೊತ್ತಿಲ್ಲದೆ ಎರಡು ತಿಂಗಳ ಗುಳಿಗೆಯನ್ನು ಇಪ್ಪತ್ತು ವರ್ಷ ಮುಂದುವರಿಸಿದವರಿದ್ದಾರೆ. ದೀರ್ಘಕಾಲ ಬೇಕಾದವರಿಗೆ, ಉದಾಹರಣೆಗೆ ಅನ್ನನಾಳ ಹುಣ್ಣಾದವರಿಗೆ, ಅದು ಬೇಕೇ ಬೇಕು. ಉಳಿದವರು ವೈದ್ಯರನ್ನು ಕೇಳಿ ಮೆಲ್ಲಗೆ ಇಳಿಸಿಕೊಳ್ಳಬೇಕು.

ಹೊಟ್ಟೆಯ ಹುಣ್ಣಿಗೆ ಖಾರ, ಚಿಂತೆ, ಹೊತ್ತಿಗೆ ಸರಿಯಾಗಿ ಉಣ್ಣದಿರುವುದೇ ಕಾರಣ ಎಂದು ವೈದ್ಯಲೋಕವೇ ಬಹುಕಾಲ ನಂಬಿತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರೋಗಶಾಸ್ತ್ರಜ್ಞ ರಾಬಿನ್ ವಾರನ್ ಮತ್ತು ಯುವ ವೈದ್ಯ ಬ್ಯಾರಿ ಮಾರ್ಷಲ್ 1982ರಲ್ಲಿ ಜಠರದ ಪೊರೆಯಿಂದ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದಾಗ ನಂಬಿದವರು ಕಡಿಮೆ. ಆಮ್ಲದಲ್ಲಿ ಯಾವ ಜೀವಿ ಬದುಕೀತು ಎಂಬ ಆಕ್ಷೇಪಕ್ಕೆ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ಬೆರೆಸಿದ ದ್ರವವನ್ನು ತಾವೇ ಕುಡಿದು, ಜಠರದ ಉರಿಯೂತ ಬರಿಸಿಕೊಂಡು ಉತ್ತರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ರೋಗಿಗೆ ಇದರಿಂದ ಆದ ಲಾಭ ದೊಡ್ಡದು: ಜೀವಮಾನವಿಡೀ ಕಾಡುತ್ತಿದ್ದ, ಕೊನೆಗೆ ಜಠರದ ಭಾಗವನ್ನೇ ಕತ್ತರಿಸಬೇಕಾಗುತ್ತಿದ್ದ ಹುಣ್ಣು ಎರಡು ವಾರದ ಔಷಧಿಗೆ ವಾಸಿಯಾಗುವ ಸೋಂಕಾಯಿತು. ಈ ಬ್ಯಾಕ್ಟೀರಿಯಾ ಭಾರತದಲ್ಲಿ ಬಹಳ ಸಾಮಾನ್ಯ, ಹೊತ್ತಿರುವ ಎಲ್ಲರಿಗೂ ಹುಣ್ಣಾಗುವುದಿಲ್ಲ. ಹುಣ್ಣು ಇದ್ದವರಲ್ಲಿ, ಬಿಡದ ಅಜೀರ್ಣದವರಲ್ಲಿ ಅದನ್ನು ಹುಡುಕುವುದು ಸಾರ್ಥಕ.

ಹುಡುಕುವಾಗ ಎರಡು ಬಲೆಗಳಿವೆ. ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ ಸುಲಭ, ಆದರೆ ಸೋಂಕು ಹೋಗಿ ವರ್ಷಗಳಾದರೂ ಅದು ಪಾಸಿಟಿವ್ ಎಂದೇ ಹೇಳಬಹುದು. ಈಗ ಸೋಂಕಿದೆಯೇ ಎಂದು ತಿಳಿಯಲು ಉಸಿರಿನ ಯೂರಿಯಾ ಪರೀಕ್ಷೆ, ಮಲದ ಆಂಟಿಜೆನ್ ಪರೀಕ್ಷೆ ಅಥವಾ ಎಂಡೋಸ್ಕೋಪಿಯಲ್ಲಿ ತೆಗೆದ ಚೂರಿನ ಪರೀಕ್ಷೆ ಬೇಕು. ಇವು ಮೂರೂ ಪ್ಯಾಂಟೊಪ್ರಜೋಲ್ ಗುಂಪಿನ ಆಮ್ಲನಿರೋಧಕ ಗುಳಿಗೆ ನುಂಗುತ್ತಿರುವಾಗ ಸುಳ್ಳು ನೆಗೆಟಿವ್ ತೋರಿಸಬಹುದು. ಹಾಗಾಗಿ ಸಾಧ್ಯವಿದ್ದರೆ ಎರಡು ವಾರ ಮೊದಲೇ ಆ ಗುಳಿಗೆ ನಿಲ್ಲಿಸಿರಬೇಕು, ಆಂಟಿಬಯೋಟಿಕ್ ನಿಲ್ಲಿಸಿ ನಾಲ್ಕು ವಾರವಾಗಿರಬೇಕು. ಚಿಕಿತ್ಸೆ ಸಾಮಾನ್ಯವಾಗಿ 14 ದಿನ, ದಿನಕ್ಕೆ ಹಲವು ಗುಳಿಗೆ, ಬಾಯಿಗೆ ಕಹಿ, ಹೊಟ್ಟೆ ತೊಳಸು. ಐದನೇ ದಿನ ಆರಾಮ ಎನಿಸಿ ಬಿಟ್ಟವರ ಹೊಟ್ಟೆಯಲ್ಲಿ ಔಷಧಿಗೆ ಬಗ್ಗದ ತಳಿ ಉಳಿಯುತ್ತದೆ. ಮುಗಿಸಿದ ಕನಿಷ್ಠ ನಾಲ್ಕು ವಾರದ ಮೇಲೆ ಸೋಂಕು ಹೋಯಿತೇ ಎಂದು ಮತ್ತೆ ಪರೀಕ್ಷಿಸಬೇಕು. ನಮ್ಮಲ್ಲಿ ಈ ಕೊನೆಯ ಹೆಜ್ಜೆಯೇ ಬಿಟ್ಟುಹೋಗುತ್ತದೆ.

ಮಂಡಿನೋವು, ಸೊಂಟನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವ ಹಿರಿಯರು ನನ್ನ ವಾದಕ್ಕೆ ಅತ್ಯಂತ ಬಲವಾದ ಸಾಕ್ಷಿ. ಜಠರದ ರಕ್ಷಣಾಪೊರೆಯನ್ನು ಕಟ್ಟುವ ರಾಸಾಯನಿಕವನ್ನೇ ಈ ಔಷಧಗಳು ತಡೆಯುವುದರಿಂದ ಹುಣ್ಣಾಗುತ್ತದೆ. ಅದೇ ಗುಳಿಗೆ ಹುಣ್ಣಿನ ನೋವನ್ನೂ ಮಂಕಾಗಿಸುತ್ತದೆ. ಪರಿಣಾಮವಾಗಿ ಒಂದು ದಿನವೂ ಹೊಟ್ಟೆ ನೋವೆನ್ನದ ಅಜ್ಜಿ ನೇರವಾಗಿ ಕಪ್ಪು ಮಲ, ತಲೆಸುತ್ತಿನೊಂದಿಗೆ ಆಸ್ಪತ್ರೆ ಸೇರುತ್ತಾರೆ. ಹೃದಯಕ್ಕೆಂದು ಆಸ್ಪಿರಿನ್ ಕೂಡ ತೆಗೆದುಕೊಳ್ಳುತ್ತಿದ್ದರೆ ಅಪಾಯ ಇನ್ನೂ ಹೆಚ್ಚು. ಇಂಥವರಿಗೆ ಆಮ್ಲನಿರೋಧಕ ಗುಳಿಗೆ ದೀರ್ಘಕಾಲ ಕೊಡುವುದು ದುಂದಲ್ಲ, ರಕ್ಷಣೆ. ಆಸ್ಪಿರಿನ್ ಅನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು.

ಎಂಡೋಸ್ಕೋಪಿ ಎಂದರೆ ಬೆಚ್ಚುವವರಿಗೆ ಅದರ ಇತಿಹಾಸ ಸ್ವಲ್ಪ ಧೈರ್ಯ ಕೊಟ್ಟೀತು. 1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್ಮೌಲ್ ಮೊದಲು ಜಠರದೊಳಗೆ ಇಣುಕಲು ಹೊರಟಾಗ ಬಿಗಿಯಾದ ಕೊಳವೆಯನ್ನು ನುಂಗಬಲ್ಲವನೆಂದು ಕತ್ತಿ ನುಂಗುವ ಕಸುಬಿನವನನ್ನೇ ಹುಡುಕಬೇಕಾಯಿತು. ಬೆಳಕನ್ನು ಬಾಗಿಸಿ ಒಯ್ಯುವ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ತೋರಿಸಿದ ನಂತರ, 1957ರಲ್ಲಿ ಬೇಸಿಲ್ ಹಿರ್ಷೋವಿಟ್ಜ್ ಬಾಗುವ ದುರ್ಬೀನನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡರು. ಈಗಿನದು ಕಿರುಬೆರಳಿನಷ್ಟು ದಪ್ಪದ, ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆ. ಘನ ಆಹಾರ ನಿಲ್ಲಿಸಿ ಆರೆಂಟು ಗಂಟೆಯಾಗಿರಬೇಕು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆಯುತ್ತಾರೆ, ಬೇಕೆಂದವರಿಗೆ ಮಂಪರು ಬರುವ ಚುಚ್ಚುಮದ್ದು ಕೊಡುತ್ತಾರೆ. ಐದು ಹತ್ತು ನಿಮಿಷದ ಕೆಲಸ. ಮಂಪರು ತೆಗೆದುಕೊಂಡವರು ಜೊತೆಗೊಬ್ಬರನ್ನು ಕರೆತರಬೇಕು, ಆ ದಿನ ಗಾಡಿ ಓಡಿಸಬಾರದು. ರಕ್ತ ಸೋರುವ ಹುಣ್ಣನ್ನು ಇದರಲ್ಲೇ ಕ್ಲಿಪ್ ಹಾಕಿ ಮುಚ್ಚಬಹುದು, ಲಿವರ್ ಕೆಟ್ಟವರ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿಗೆ ರಬ್ಬರ್ ಬ್ಯಾಂಡ್ ಬಿಗಿಯಬಹುದು, ಸಿಕ್ಕಿಕೊಂಡ ನಾಣ್ಯ ತೆಗೆಯಬಹುದು.

ಇಷ್ಟು ಸುಲಭವಾದರೆ ಎಲ್ಲರಿಗೂ ಒಮ್ಮೆ ಮಾಡಿಬಿಟ್ಟರೇನು ಎಂಬ ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಕಿರಿಯ ವಯಸ್ಸಿನ, ಅಪಾಯದ ಲಕ್ಷಣವಿಲ್ಲದ ಅಜೀರ್ಣದವರಲ್ಲಿ ಕ್ಯಾನ್ಸರ್ ಸಿಗುವುದು ತೀರಾ ಅಪರೂಪ. ಸಿಗುವುದೇನೆಂದರೆ ವರದಿಯ ಕೊನೆಯಲ್ಲಿ 'ಮೈಲ್ಡ್ ಗ್ಯಾಸ್ಟ್ರೈಟಿಸ್' ಎಂಬ ಸಾಲು. ಅದು ಯಾರ ವರದಿಯಲ್ಲಿ ಇಲ್ಲ ಎಂದು ಹುಡುಕಬೇಕು. ಅದಕ್ಕೂ ರೋಗಿಯ ತೊಂದರೆಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ, ಆದರೂ ಆ ಸಾಲನ್ನು ಹಿಡಿದು ವರ್ಷಗಟ್ಟಲೆ ಗುಳಿಗೆ ಸಾಗುತ್ತದೆ. ಅಮೆರಿಕ, ಕೆನಡಾದ ತಜ್ಞರ ಮಾರ್ಗಸೂಚಿ ಹೊಸದಾಗಿ ಶುರುವಾದ ಅಜೀರ್ಣಕ್ಕೆ 60ರ ಮೇಲ್ಪಟ್ಟವರಿಗೆ ಎಂಡೋಸ್ಕೋಪಿ ಹೇಳುತ್ತದೆ. ಜಠರದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ ಬರುವ ಏಷ್ಯಾದ ಹಲವೆಡೆ ವೈದ್ಯರು ಗೆರೆಯನ್ನು ಇನ್ನೂ ಕೆಳಗೆ ಎಳೆಯುತ್ತಾರೆ. ನಲವತ್ತೈದು ಐವತ್ತರ ನಂತರ ಮೊದಲ ಸಲ ಕಾಣಿಸಿಕೊಂಡ, ಬಿಡದ ತೊಂದರೆಯನ್ನು ನಮ್ಮಲ್ಲಿ ಹಗುರವಾಗಿ ತೆಗೆದುಕೊಳ್ಳಬಾರದು. ಎಂಡೋಸ್ಕೋಪಿಗೆ ಅಂಜಿ ಬದಲಿಗೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ನಿಶ್ಚಿಂತರಾಗುವವರೂ ಇದ್ದಾರೆ. ಅಲ್ಟ್ರಾಸೌಂಡ್‌ನ ಶಬ್ದದಲೆ ಗಾಳಿಯನ್ನು ದಾಟಲಾರದು, ಜಠರ ಮತ್ತು ಕರುಳಿನಲ್ಲಿ ಗಾಳಿ ಇದ್ದೇ ಇರುತ್ತದೆ. ಲಿವರ್, ಪಿತ್ತಕೋಶ, ಮೂತ್ರಪಿಂಡಗಳನ್ನು ಚೆನ್ನಾಗಿ ತೋರಿಸುವ ಅದೇ ಸ್ಕ್ಯಾನ್ ಜಠರದ ಹುಣ್ಣಿನ ಬಗ್ಗೆ ಏನೂ ಹೇಳಲಾರದು. ಸ್ಕ್ಯಾನ್ ನಾರ್ಮಲ್ ಎಂದರೆ ಹೊಟ್ಟೆ ನಾರ್ಮಲ್ ಎಂದಲ್ಲ.

ಕೆಳಗಿನ ತುದಿಗೆ ಬಂದರೆ ನೋವಿನ ಮೋಸ ಇನ್ನಷ್ಟು ಸ್ಪಷ್ಟ. ಗುದದ್ವಾರದ ಬಿರುಕು, ಅಂದರೆ ಫಿಶರ್, ಮಲವಿಸರ್ಜನೆಯಲ್ಲಿ ಗಾಜು ಸೀಳಿದಂಥ ನೋವು ಕೊಡುತ್ತದೆ, ಆದರೆ ಅದು ಬಹುಪಾಲು ನಿರಪಾಯಕಾರಿ. ನಾರಿನಂಶ, ನೀರು, ಬಿಸಿನೀರಿನ ಟಬ್ಬಿನಲ್ಲಿ ಕೂರುವುದು ಮತ್ತು ಸ್ನಾಯು ಸಡಿಲಿಸುವ ಮುಲಾಮಿಗೆ ಹೆಚ್ಚಿನವು ಮಾಗುತ್ತವೆ. ಒಳಗಿನ ಮೂಲವ್ಯಾಧಿ ನೋವಿಲ್ಲದೆ ರಕ್ತ ಸುರಿಸುತ್ತದೆ. ಗುದನಾಳದ ಕ್ಯಾನ್ಸರೂ ಶುರುವಿನಲ್ಲಿ ಹಾಗೆಯೇ, ನೋವಿಲ್ಲದ ರಕ್ತ. ಎರಡನ್ನೂ ಬೇರ್ಪಡಿಸುವ ಮೊದಲ ಪರೀಕ್ಷೆಗೆ ವೈದ್ಯರ ಕೈಗವಸು ತೊಟ್ಟ ಒಂದು ಬೆರಳು ಸಾಕು, ಎರಡನೆಯದು ಪ್ರೊಕ್ಟೋಸ್ಕೋಪ್ ಎಂಬ ಗೇಣುದ್ದವೂ ಇಲ್ಲದ ಕೊಳವೆ. ನಾಚಿಕೆಯಿಂದ ಇದನ್ನು ತಪ್ಪಿಸಿಕೊಂಡು, 'ಆಪರೇಷನ್ ಇಲ್ಲದೆ ಪೈಲ್ಸ್ ಗುಣ' ಎಂಬ ಗೋಡೆಬರಹ ನೋಡಿ ಹೋಗುವವರಿಗೆ ತಗಲುವ ಬೆಲೆ ತಿಂಗಳುಗಟ್ಟಲೆ ವಿಳಂಬ. ನಲವತ್ತು ದಾಟಿದವರಲ್ಲಿ ಹೊಸದಾಗಿ ರಕ್ತ ಕಂಡರೆ, ಮಲದ ರೂಢಿ ವಾರಗಟ್ಟಲೆ ಬದಲಾಗಿದ್ದರೆ, ಹೋಗಿ ಬಂದರೂ ಪೂರ್ತಿ ಆಗಲಿಲ್ಲ ಎನಿಸುತ್ತಿದ್ದರೆ ಮೂಲವ್ಯಾಧಿ ಕಣ್ಣಿಗೆ ಕಂಡರೂ ಅಲ್ಲಿಗೇ ನಿಲ್ಲಿಸದೆ ಕೊಲೊನೋಸ್ಕೋಪಿ ಮಾಡಿಸಬೇಕು, ಮೂಲವ್ಯಾಧಿ ಮತ್ತು ಕ್ಯಾನ್ಸರ್ ಎರಡೂ ಒಟ್ಟಿಗೆ ಇರಬಹುದು. ಮೂಲವ್ಯಾಧಿಯೇ ಎಂದು ಖಚಿತವಾದರೆ ಮೊದಲ ಹಂತಗಳಿಗೆ ಆಹಾರ ಬದಲಾವಣೆ, ನಂತರ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುವುದು. ಹೊರಗೆ ಜಾರಿ ಒಳಗೆ ಹೋಗದ ಹಂತಕ್ಕೆ ಶಸ್ತ್ರಚಿಕಿತ್ಸೆ.

ಗುದದ್ವಾರದ ಮೂಲಕ ದುರ್ಬೀನು ಹಾಕಿ ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿಯಲ್ಲಿ ರೋಗಿಯ ಪಾಲಿನ ಕೆಲಸವೇ ಅರ್ಧ. ಕರುಳು ಸ್ವಚ್ಛವಿಲ್ಲದಿದ್ದರೆ ಎಂಥ ತಜ್ಞರಿಗೂ ಏನೂ ಕಾಣದು. ಒಂದೆರಡು ದಿನ ಮೊದಲಿನಿಂದ ಸೊಪ್ಪು, ಕಾಳು, ರಾಗಿ, ಸೀಬೆಹಣ್ಣು, ಟೊಮೆಟೊ ಬಿಟ್ಟು ಬಿಳಿ ಅನ್ನ, ಇಡ್ಲಿ, ತಿಳಿ ಮಜ್ಜಿಗೆಗೆ ಇಳಿಯಬೇಕು. ಕಬ್ಬಿಣದ ಗುಳಿಗೆಯನ್ನು ವಾರ ಮೊದಲೇ ನಿಲ್ಲಿಸಬೇಕು. ಕರುಳು ತೊಳೆಯುವ ಪುಡಿಯನ್ನು ಸಾಮಾನ್ಯವಾಗಿ ಎರಡು ಲೀಟರ್ ನೀರಿಗೆ ಕಲಸಿ, ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಯ ದಿನ ಬೆಳಗ್ಗೆ ಕುಡಿದರೆ ಒಮ್ಮೆಗೇ ಕುಡಿದದ್ದಕ್ಕಿಂತ ಚೆನ್ನಾಗಿ ತೊಳೆಯುತ್ತದೆ. ಕೊನೆಗೆ ಹೋಗುವುದು ತಿಳಿ ಹಳದಿ ನೀರಾಗಿರಬೇಕು. ಇನ್ಸುಲಿನ್, ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ಮೊದಲೇ ತಿಳಿಸಿ ಸೂಚನೆ ಬರೆಸಿಕೊಳ್ಳಬೇಕು. ಪರೀಕ್ಷೆಯಲ್ಲಿ ಕರುಳಿಗೆ ತೂತಾಗುವ ಅಪಾಯ ಇದೆ, ಆದರೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಇದಕ್ಕೆ ಪ್ರತಿಯಾಗಿ ಸಿಗುವುದು ಏನು? ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಎಂಬ ಸಣ್ಣ ಗಂಟಾಗಿ ಹುಟ್ಟಿ ಹತ್ತು ವರ್ಷದಷ್ಟು ಸಮಯ ತೆಗೆದುಕೊಂಡು ಕ್ಯಾನ್ಸರಾಗುತ್ತದೆ. ಅಷ್ಟರಲ್ಲಿ ಯಾವಾಗ ಕಂಡರೂ ಅದೇ ಕೊಳವೆಯಿಂದ ಕುಣಿಕೆ ಹಾಕಿ ಕತ್ತರಿಸಿ ತೆಗೆಯಬಹುದು. ಅಮೆರಿಕದಲ್ಲಿ 45 ವಯಸ್ಸಿನಿಂದ ಎಲ್ಲರಿಗೂ ಕರುಳಿನ ಕ್ಯಾನ್ಸರ್ ತಪಾಸಣೆ ಸೂಚಿಸುತ್ತಾರೆ. ಈ ರೋಗ ಅಲ್ಲಿಗಿಂತ ಕಡಿಮೆಯಿರುವ ನಮ್ಮಲ್ಲಿ ಸರ್ಕಾರಿ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗೆ ಸೀಮಿತ. ಆದರೆ ತಂದೆತಾಯಿ, ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಆಗಿದ್ದವರು 40ಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಆಗ ಮಾಡಿಸಬೇಕು. ಅವರಿಗೆ ಯಾವ ಲಕ್ಷಣವೂ ಇರಬೇಕಾಗಿಲ್ಲ.

ಕೊಲೊನೋಸ್ಕೋಪಿಯ ಚೂರಿಗೆ ನಮ್ಮ ದೇಶದಲ್ಲಿ ಇನ್ನೊಂದು ಭಾರವಾದ ಹೊಣೆಯಿದೆ. ಸಣ್ಣ ಕರುಳು ದೊಡ್ಡ ಕರುಳು ಸೇರುವಲ್ಲಿ ಆಗುವ ಹುಣ್ಣು ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯದ್ದೂ ಇರಬಹುದು, ಕರುಳಿನ ಕ್ಷಯದ್ದೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಮೊದಲನೆಯದಕ್ಕೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಸ್ಟೀರಾಯ್ಡ್ ಕೊಡುತ್ತಾರೆ. ಕ್ಷಯಕ್ಕೆ ಅದನ್ನೇ ಕೊಟ್ಟರೆ ಸೋಂಕು ಹರಡುತ್ತದೆ. ಹಾಗಾಗಿ ಚೂರಿನ ಸೂಕ್ಷ್ಮ ಪರೀಕ್ಷೆ, ಕ್ಷಯಾಣುವಿನ ಜೀನ್ ಪರೀಕ್ಷೆ, ಸಿಟಿ ಸ್ಕ್ಯಾನ್ ಎಲ್ಲವನ್ನೂ ಕೂಡಿಸಿ ನೋಡುತ್ತಾರೆ, ಆಗಲೂ ತೀರ್ಮಾನವಾಗದಿದ್ದರೆ ಮೊದಲು ಕ್ಷಯದ ಔಷಧಿ ಕೊಟ್ಟು ಎರಡು ಮೂರು ತಿಂಗಳಲ್ಲಿ ಹುಣ್ಣು ಮಾಗಿತೇ ಎಂದು ಮತ್ತೆ ಇಣುಕುತ್ತಾರೆ. ಒಂದೇ ಪರೀಕ್ಷೆಯನ್ನು ಎರಡು ಸಲ ಮಾಡಿಸಿದರು ಎಂದು ಸಿಡುಕುವ ಮೊದಲು ಇದು ತಿಳಿದಿರಲಿ.

ಹೀಗೆ ಪರೀಕ್ಷೆಯ ಮೇಲೆ ಪರೀಕ್ಷೆ ಬೇಕಾಗುವ ಕಾಯಿಲೆಗಳಿಗೆ ತದ್ವಿರುದ್ಧವಾದದ್ದು ಐಬಿಎಸ್ ಎಂದು ಕರೆಯುವ ಕರುಳಿನ ಕೆರಳಿಕೆ. ಮೂರು ತಿಂಗಳಿಂದ ವಾರಕ್ಕೊಮ್ಮೆಯಾದರೂ ಹೊಟ್ಟೆ ನೋವು, ಮಲವಿಸರ್ಜನೆಯೊಂದಿಗೆ ಅದರ ನಂಟು, ಮಲ ಹೋಗುವ ಸಲ ಮತ್ತು ಸ್ವರೂಪದಲ್ಲಿ ಬದಲಾವಣೆ ಇದರ ಗುರುತು. ನರಳಾಟ ನಿಜವಾದದ್ದು. ಕರುಳಿನ ನರಗಳು ಮಾಮೂಲಿ ಹಿಗ್ಗುವಿಕೆಗೂ ನೋವಿನ ಸಂದೇಶ ಕಳಿಸುತ್ತವೆ. ಇವರೇ ಸಿಟಿ, ಎಂಆರ್‌ಐ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರು, ಏಕೆಂದರೆ ಇಷ್ಟು ನೋವಿದ್ದರೆ ಏನೋ ದೊಡ್ಡದೇ ಇರಬೇಕು ಎಂಬುದು ಅವರ ತರ್ಕ. ಹಿಮೋಗ್ಲೋಬಿನ್, ಉರಿಯೂತ ತೋರುವ ಸಿಆರ್‌ಪಿ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಸರಿಯಿದ್ದು ಅಪಾಯದ ಲಕ್ಷಣ ಇಲ್ಲದಿದ್ದರೆ ಹುಡುಕಾಟ ಅಲ್ಲಿಗೆ ನಿಲ್ಲಬಹುದು. ಹಾಲು ನಿಲ್ಲಿಸಿ ಎರಡು ವಾರ ನೋಡುವುದು ಒಳ್ಳೆಯ ಪ್ರಯೋಗ. ದಕ್ಷಿಣ ಭಾರತದ ಬಹಳಷ್ಟು ವಯಸ್ಕರಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಮೊಸರು ಮಜ್ಜಿಗೆ ಒಗ್ಗುತ್ತದೆ. ಇಸಬ್ಗೋಲ್, ಸೆಳೆತ ಇಳಿಸುವ ಗುಳಿಗೆ, ಪುದೀನ ಎಣ್ಣೆಯ ಕ್ಯಾಪ್ಸೂಲ್, ಕೆಲವರಿಗೆ ಕಡಿಮೆ ಪ್ರಮಾಣದ ಮನೋವೈದ್ಯಕೀಯ ಔಷಧಿ ಕೆಲಸ ಮಾಡುತ್ತವೆ. ಓಂಕಾಳು, ಜೀರಿಗೆ ಕಷಾಯಕ್ಕೆ ಇಲ್ಲಿ ಅಡ್ಡಿಯಿಲ್ಲ. ಕಾಮಾಲೆಗೆ, ರಕ್ತಸ್ರಾವಕ್ಕೆ ಮನೆಮದ್ದು ನಾಟಿಮದ್ದು ಎಂದು ದಿನ ಕಳೆಯುವುದಕ್ಕೆ ಮಾತ್ರ ನನ್ನ ತಕರಾರು.

ಪಿತ್ತಕೋಶದ ಕಲ್ಲಿನ ಕಥೆಯೂ ಬೇಡದ ಕಡೆ ಅವಸರ, ಬೇಕಾದ ಕಡೆ ತಡ. ಬೇರಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಕಂಡ, ಯಾವ ತೊಂದರೆಯನ್ನೂ ಕೊಡದ ಕಲ್ಲುಗಳಲ್ಲಿ ಹೆಚ್ಚಿನವು ಮುಂದೆಯೂ ಕೊಡುವುದಿಲ್ಲ, ಅವಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಡ. ಆದರೆ ಜಿಡ್ಡಿನ ಊಟದ ನಂತರ ಬಲಪಕ್ಕೆಯ ಕೆಳಗೆ ಅರ್ಧ ಗಂಟೆಯಿಂದ ಕೆಲವು ಗಂಟೆವರೆಗೆ ಬಿಗಿಹಿಡಿಯುವ ನೋವು ಒಮ್ಮೆ ಬಂದರೆ ಮತ್ತೆ ಬರುವ ಸಂಭವ ಹೆಚ್ಚು. ಕಲ್ಲು ಮಾತ್ರ ತೆಗೆದರೆ ಪಿತ್ತಕೋಶ ಮತ್ತೆ ಕಲ್ಲು ಮಾಡುತ್ತದೆ, ಆದ್ದರಿಂದ ಚೀಲವನ್ನೇ ಸಣ್ಣ ರಂಧ್ರಗಳ ಮೂಲಕ ತೆಗೆಯುತ್ತಾರೆ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಮೊದಲು ಮಾಡಿದ ಈ ವಿಧಾನ ಈಗ ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ನಡೆಯುತ್ತದೆ. ಕಲ್ಲು ಜಾರಿ ನಾಳದಲ್ಲಿ ಸಿಕ್ಕಿ ಚಳಿಜ್ವರ, ಕಾಮಾಲೆ ಬಂದರೆ ಅದು ತುರ್ತುಸ್ಥಿತಿ. ನೋವು ಇಳಿಯಿತೆಂದು ಮನೆಯಲ್ಲಿ ಕಾಯುವಂತಿಲ್ಲ. ಆಗ ಬಾಯಿಯ ಮೂಲಕ ದುರ್ಬೀನು ಇಳಿಸಿ ಪಿತ್ತನಾಳದ ಬಾಯಿ ಬಿಡಿಸಿ ಕಲ್ಲು ತೆಗೆಯುವ ಇಆರ್‌ಸಿಪಿ ಮಾಡುತ್ತಾರೆ. ಇದರಿಂದ ನೂರರಲ್ಲಿ ಮೂರರಿಂದ ಹತ್ತು ಮಂದಿಗೆ ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇರುವುದರಿಂದ ಬರೀ ನೋಡುವುದಕ್ಕೆಂದು ಇದನ್ನು ಮಾಡಿಸಬಾರದು. ನೋಡುವುದಕ್ಕೆ ಎಂಆರ್‌ಸಿಪಿ ಎಂಬ ಸ್ಕ್ಯಾನ್ ಇದೆ.

ಆಸ್ಪತ್ರೆಗಳು ದುಡ್ಡಿಗಾಗಿ ಪರೀಕ್ಷೆ ಬರೆಯುತ್ತವೆ ಎಂಬ ಅನುಮಾನ ನಮ್ಮಲ್ಲಿ ಆಳವಾಗಿದೆ, ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಆದರೆ ಎಲ್ಲ ಪರೀಕ್ಷೆಯನ್ನೂ ಅನುಮಾನಿಸಿದರೆ ಬೇಕಾದದ್ದೂ ತಪ್ಪಿಹೋಗುತ್ತದೆ. ಈ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಫಲಿತಾಂಶ ಹೀಗೆ ಬಂದರೆ ಏನು ಬದಲಾಗುತ್ತದೆ, ಒಂದು ತಿಂಗಳು ಕಾದರೆ ನಷ್ಟವೇನು ಎಂದು ಕೇಳುವ ಹಕ್ಕು ರೋಗಿಗಿದೆ, ಒಳ್ಳೆಯ ವೈದ್ಯರು ಉತ್ತರಿಸುತ್ತಾರೆ. ಈ ಪ್ರಶ್ನೆಗಳನ್ನು 'ಫುಲ್ ಬಾಡಿ ಚೆಕಪ್' ಪ್ಯಾಕೇಜುಗಳಿಗೆ ಹಾಕಿದರೆ ಬಹಳಷ್ಟು ಉದುರಿಹೋಗುತ್ತವೆ. ಅದರಲ್ಲಿರುವ ಸಿಇಎ, ಸಿಎ 19-9 ಎಂಬ ರಕ್ತ ಪರೀಕ್ಷೆಗಳು ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲು ಇರುವವಲ್ಲ. ಕ್ಯಾನ್ಸರ್ ಇದ್ದರೂ ಅವು ನಾರ್ಮಲ್ ಇರಬಹುದು, ಸಿಗರೇಟು ಸೇದಿದ್ದಕ್ಕೇ ಸಿಇಎ ಏರಿರಬಹುದು.

ಹಳ್ಳಿಯಲ್ಲಿರುವವರಿಗೆ ಇವೆಲ್ಲ ಎಟುಕುವುದೆಲ್ಲಿ ಎಂಬುದು ಕೊನೆಯ ಆಕ್ಷೇಪ. ಮೊದಲ ಸುತ್ತಿನ ತೀರ್ಮಾನಕ್ಕೆ ಬೇಕಾದ ತೂಕದ ಯಂತ್ರ, ಹಿಮೋಗ್ಲೋಬಿನ್, ಮಲಪರೀಕ್ಷೆ, ಇಸಿಜಿ, ವೈದ್ಯರ ಬೆರಳು ತಾಲ್ಲೂಕು ಆಸ್ಪತ್ರೆಯಲ್ಲೇ ಇವೆ. ಯಾರು ದೊಡ್ಡ ಊರಿಗೆ ಹೋಗಲೇಬೇಕು ಎಂಬುದನ್ನು ಆರಿಸುವ ಕೆಲಸ ಅಲ್ಲೇ ಆಗಬಹುದು. ಮುಂದಿನ ಹಂತಕ್ಕೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜೀರ್ಣಾಂಗಗಳಿಗೇ ಮೀಸಲಾದ ಸರ್ಕಾರಿ ಸಂಸ್ಥೆಯಿದೆ, ಕ್ಯಾನ್ಸರ್‌ಗೆ ಕಿದ್ವಾಯಿ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ 30ರಂತೆ 1.5 ಲಕ್ಷದವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕಾಗುವ ಸಂದರ್ಭಗಳಿರುವುದರಿಂದ ನೇರವಾಗಿ ಖಾಸಗಿಗೆ ಹೋಗುವ ಮುನ್ನ ವಿಚಾರಿಸಿಕೊಳ್ಳಬೇಕು. ಹೋದಾಗ ಹಳೆಯ ವರದಿ, ನುಂಗುತ್ತಿರುವ ಗುಳಿಗೆಗಳ ಖಾಲಿ ಸ್ಟ್ರಿಪ್, ತೊಂದರೆ ಶುರುವಾದ ತಿಂಗಳು, ಆಗಿನ ಮತ್ತು ಈಗಿನ ತೂಕ ಕೈಯಲ್ಲಿರಲಿ. ಎಂಡೋಸ್ಕೋಪಿಯಲ್ಲಿ ಚೂರು ತೆಗೆದಿದ್ದಾರೆಯೇ ಎಂದು ಹೊರಡುವ ಮುನ್ನವೇ ಕೇಳಿ. ತೆಗೆದಿದ್ದರೆ ಅದರ ವರದಿ ಅದೇ ದಿನ ಸಿಗುವುದಿಲ್ಲ, ಹೆಚ್ಚಾಗಿ ಕೆಲವು ದಿನಗಳ ನಂತರ ಬರುತ್ತದೆ, ಮತ್ತು ಅಷ್ಟರಲ್ಲಿ ಗುಳಿಗೆಯಿಂದ ಆರಾಮವಾಗಿರುತ್ತದೆ ಎಂಬ ಕಾರಣಕ್ಕೇ ಅದನ್ನು ತರಲು ಎಷ್ಟೋ ಮಂದಿ ಹೋಗುವುದಿಲ್ಲ.